ಮುಂಬಯಿಗೂ ವಸಂತ ಬರುತ್ತದೆ

ಹಳಗನ್ನಡ ಓದುವ ನಮಗೆಲ್ಲ ಅಷ್ಟಾದಶ ವರ್ಣನೆಗಳ ಪರಿಚಯವುಂಟು. ಮಹಾಕಾವ್ಯ ಅಂದ ಮೇಲೆ ಅದರಲ್ಲಿ ಋತು ಬೇಕು, ವನವಿಹಾರ ಬೇಕು, ಜಲಕ್ರೀಡೆ ಬೇಕು. ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಮರೆಯುತ್ತೇವೆ. ಕಳೆದ ವರ್ಷ ಫೆಬ್ರವರಿಯ ಕೊನೆಗೆ ನಮ್ಮ ತರಗತಿಯಲ್ಲಿ ವಸಂತವರ್ಣನೆಯ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಮುತ್ತುಗ ಅಂದ್ರೆ ಯಾವ ಮರ?” ಮೇಷ್ಟ್ರು “ಪಲಾಶ” ಅಂದರು. “ಪಲಾಶ ಅಂದ್ರೆ?” “ಕಿಂಶುಕ.” ಹೀಗೆ ಒಂದು ಪದಕ್ಕೆ ಇನ್ನೆರಡು ಪದ ಸಿಕ್ಕವು, ಮರ ಮಾತ್ರ ಸಿಗಲಿಲ್ಲ. ತಮಾಷೆ ಏನೆಂದರೆ, ಆ ಹೊತ್ತಿಗೆ ಬೊರಿವಲಿಯ ಕಾಡಿನಲ್ಲಿ ಮುತ್ತುಗ ಮೈತುಂಬ ಹೂಬಿಟ್ಟು ನಿಂತಿತ್ತು. ನಮ್ಮ ತರಗತಿಯ ನಾಲ್ಕು ಮಂದಿ ದಿನಾ ಬೊರಿವಲಿಯಿಂದಲೇ ಲೋಕಲ್ ಹಿಡಿದು ಬರುವವರು!

ಈ ಲೇಖನ ಹುಟ್ಟಿದ್ದು ಅವತ್ತಿನ ನಾಚಿಕೆಯಿಂದ. ಆಮೇಲೆ ಒಂದು ವರ್ಷ ನಾನು ಮಾಡಿದ ಕೆಲಸ ಎರಡೇ: ಭಾನುವಾರ ಬೆಳಿಗ್ಗೆ ಕಾಲ್ನಡಿಗೆ, ಮನೆಯಲ್ಲಿ ಒಂದು ತೊಟ್ಟಿ ನೀರು. ದೊಡ್ಡ ಮಾತಿನಲ್ಲಿ ಹೇಳುವುದಾದರೆ ವನವಿಹಾರ ಮತ್ತು ಜಲಕ್ರೀಡೆ. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಹೇಗೆ ಮಾಡುವುದು, ಏನು ನೋಡುವುದು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಗೆಳೆಯರಿಗೆ ಹೇಳಿಬಿಡೋಣ ಅಂತ ಕುಳಿತಿದ್ದೇನೆ.

ವಸಂತ ಯಾವಾಗ?

“ಮುಂಬಯಿಯಲ್ಲಿ ಎಲ್ಲಿಯ ವಸಂತ? ಸೆಕೆ, ಮಳೆ, ಮತ್ತೆ ಸೆಕೆ, ಅಷ್ಟೇ” ಎನ್ನುವುದು ನಮ್ಮ ಮನೆಗಳಲ್ಲಿ ಸಾಮಾನ್ಯವಾದ ಮಾತು. ವಸಂತ, ಕೋಗಿಲೆ, ಮಾವಿನ ಚಿಗುರು ಎಲ್ಲ ‘ಊರಿ’ಗೆ ಸೇರಿದ್ದು, ಮುಂಬಯಿ ಬರೀ ದುಡಿಯುವ ಜಾಗ. ಆದರೆ ಮರಗಳಿಗೆ ಈ ಭೇದ ಗೊತ್ತಿಲ್ಲ.

ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ. ಇಲ್ಲಿಯ ಮರಗಳು ಯುಗಾದಿಯ ತನಕ ಕಾಯುವುದಿಲ್ಲ. ಜನವರಿ ಮುಗಿಯುತ್ತಿದ್ದಂತೆ ಬೂರುಗದ ಬೋಳು ಕೊಂಬೆಗಳಲ್ಲಿ ಕೆಂಪು ಬಟ್ಟಲಿನಂಥ ಹೂಗಳು ಬರುತ್ತವೆ. ಫೆಬ್ರವರಿಯಲ್ಲಿ ಹಾಲುವಾಣ, ಅದರ ಬೆನ್ನಿಗೇ ಮುತ್ತುಗ. ಮಾರ್ಚಿನಲ್ಲಿ ಸಾಗಡೆ ಮರದ ಚಿಗುರು; ದೂರದಿಂದ ನೋಡಿದರೆ ಹೂವೇ ಅನ್ನಬೇಕು, ಅಷ್ಟು ಕೆಂಪು. ಅದೇ ದಿನಗಳಲ್ಲಿ ಅರಳಿಯ ತಾಮ್ರಬಣ್ಣದ ಎಲೆ, ಹೊಂಗೆಯ ಎಳೆ ಹಸಿರು. ಏಪ್ರಿಲ್, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು ಮತ್ತು ಹೊಳೆದಾಸವಾಳದ ನೇರಳೆ ಹೂ. ಮರಾಠಿಯಲ್ಲಿ ತಾಮ್ಹಣ ಎನ್ನುವ ಈ ಹೊಳೆದಾಸವಾಳವೇ ಮಹಾರಾಷ್ಟ್ರದ ರಾಜ್ಯಪುಷ್ಪ. ಹೀಗೆ ನಮ್ಮ ವಸಂತ ಒಂದು ದಿನ ಬಂದು ಹೋಗುವ ನೆಂಟನಲ್ಲ, ನಾಲ್ಕು ತಿಂಗಳ ಮೆರವಣಿಗೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಇಂಗ್ಲಿಷ್ ಪದ್ಯಗಳ ವಸಂತ ಹಿಮ ಕರಗಿದ ಮೇಲೆ ಬರುತ್ತದೆ. ಅಲ್ಲಿ ಚಳಿ ಹೋಯಿತು, ಗಿಡ ಚಿಗುರಿತು, ಸರಿ. ನಮ್ಮಲ್ಲಿ ಹಾಗಲ್ಲವಲ್ಲ? ಮಳೆ ನಿಂತು ಐದು ತಿಂಗಳಾಗಿರುತ್ತದೆ, ನೆಲ ಒಣಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಚಿಗುರುವ ಹುಮ್ಮಸ್ಸು ಎಲ್ಲಿಂದ?

ಉತ್ತರ ಹೀಗಿದೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ನೀರು ಕಡಿಮೆಯಾದಾಗ ಮರ ಎಲೆ ಉದುರಿಸುತ್ತದೆ. ಆದರೆ ಕಾಂಡದಲ್ಲೂ ಆಳದ ಬೇರಿನ ಸುತ್ತಲೂ ಇನ್ನೂ ನೀರಿನ ಉಳಿತಾಯವಿರುತ್ತದೆ. ಹಗಲು ಉದ್ದವಾಗುತ್ತ ಬಂದಂತೆ ಮರ ಆ ಉಳಿತಾಯ ತೆಗೆದು ಚಿಗುರಿಗೆ ಹಾಕುತ್ತದೆ. ಮಳೆ ಬಂದ ಮೇಲೆ ಚಿಗುರಬಾರದೇಕೆ? ಬರಬಹುದು, ಆದರೆ ಮಳೆಯ ಜೊತೆಗೆ ಎಲೆ ತಿನ್ನುವ ಹುಳುಗಳ ಸೈನ್ಯವೂ ಬರುತ್ತದೆ. ಅಷ್ಟರೊಳಗೆ ಎಲೆ ಬಲಿತು ಗಟ್ಟಿಯಾಗಿದ್ದರೆ ಮರ ಪಾರು. ಎಳೆ ಎಲೆ ಕೆಂಪಾಗಿರುವುದರ ಹಿಂದೆಯೂ ಲೆಕ್ಕಾಚಾರವಿದೆ: ಹಸಿರು ವರ್ಣಕ ತುಂಬುವ ಮುನ್ನ ಆ ಕೆಂಪು ಬಣ್ಣ ಎಳೆಯ ಜೀವಕೋಶಗಳನ್ನು ಸುಡುಬಿಸಿಲಿನಿಂದ ಕಾಯುತ್ತದೆ.

ಇನ್ನು ಬೋಳು ಕೊಂಬೆಯ ಮೇಲೆ ಹೂ. ಬೂರುಗ, ಹಾಲುವಾಣ, ಮುತ್ತುಗ, ಮೂರೂ ಹಕ್ಕಿಗಳನ್ನು ನಂಬಿದ ಮರಗಳು. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಎಲೆಯ ಅಡ್ಡಿ ಇಲ್ಲದಿದ್ದರೆ ಮೈಲಿ ದೂರಕ್ಕೂ ಕಂಡೀತು. ಒಂದು ಬೂರುಗದ ಕೆಳಗೆ ಅರ್ಧ ಗಂಟೆ ನಿಂತುನೋಡಿ: ಕಾಗೆ, ಮೈನಾ, ಪಿಕಳಾರ, ಸೂರಕ್ಕಿ, ಎಲ್ಲರೂ ಉಡುಪಿ ಹೋಟೆಲಿಗೆ ಬೆಳಗಿನ ಇಡ್ಲಿಗೆ ಬಂದ ಹಾಗೆ ಬಂದು, ಮಕರಂದ ಕುಡಿದು, ಹಣೆಗೆ ಪರಾಗ ಮೆತ್ತಿಕೊಂಡು ಹೋಗುತ್ತವೆ. ಬಿಲ್ಲು ಅಲ್ಲೇ ಸಂದಾಯ!

ವನವಿಹಾರ

ಮೊದಲ ಸಲ ಹೊರಡುವವರು ನೇರ ಕಾಡಿಗೆ ಹೋಗುವುದು ಬೇಡ. ಹೆಸರು ಗೊತ್ತಿಲ್ಲದೆ ಎಲ್ಲ ಮರವೂ ಒಂದೇ ಥರ ಕಾಣುತ್ತದೆ. ಬೈಕಳಾದ ರಾಣಿಬಾಗಿನಿಂದ ಆರಂಭಿಸಿ. ಪ್ರಾಣಿಸಂಗ್ರಹಾಲಯ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಹೋದದ್ದೇ. ನಿಜವಾಗಿ ಅದು 1862ರಲ್ಲಿ ತೆರೆದ ಸಸ್ಯೋದ್ಯಾನ. ಅನೇಕ ಮರಗಳಿಗೆ ಹೆಸರಿನ ಫಲಕಗಳಿವೆ. ಬುಧವಾರ ರಜೆ.

ಎರಡನೆಯದು ಸಾಯನ್–ಧಾರಾವಿಯ ಹತ್ತಿರ, ಮಿಠಿ ನದಿಯ ದಂಡೆಯ ಮಹಾರಾಷ್ಟ್ರ ನೇಚರ್ ಪಾರ್ಕ್. ಒಂದು ಕಾಲಕ್ಕೆ ಅದು ಊರಿನ ಕಸ ಸುರಿಯುವ ತಿಪ್ಪೆಯಾಗಿತ್ತು. ಕಸದ ಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, ಮಳೆನೀರಿನ ಕೊಳ ಮಾಡಿ, 1994ರಲ್ಲಿ ಜನರಿಗೆ ತೆರೆದರು. ಸುಮಾರು 37 ಎಕರೆ. ತಿಪ್ಪೆಯೂ ಕಾಡಾದೀತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೂರನೆಯದು ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ನೂರಕ್ಕಿಂತ ಹೆಚ್ಚು ಚದರ ಕಿಲೋಮೀಟರ್ ಕಾಡು, ಈ ಮಹಾನಗರದ ಮಗ್ಗುಲಿಗೇ ಇದೆ. ಮುಖ್ಯ ಗೇಟಿನಿಂದ ಕನ್ಹೇರಿ ಗುಹೆಗಳಿಗೆ ಐದಾರು ಕಿಲೋಮೀಟರ್ ಡಾಂಬರು ರಸ್ತೆ. ಬೆಳಿಗ್ಗೆ ಗೇಟು ತೆರೆಯುತ್ತಲೇ ಹೊರಟರೆ ಬಿಸಿಲೇರುವ ಮೊದಲು ಮುಟ್ಟಬಹುದು. ಸೋಮವಾರ ರಜೆ. ಚಿರತೆಗಳಿರುವ ಕಾಡು ಎಂಬುದು ನೆನಪಿರಲಿ: ಗುಂಪಿನಲ್ಲಿ ಹೋಗಬೇಕು, ರಸ್ತೆ ಬಿಡಬಾರದು, ಹೊತ್ತಾಗುವ ಮೊದಲು ಹೊರಗೆ ಬರಬೇಕು. ಹೂ ಕೀಳುವುದು ಬೇಡ, ಕಾನೂನೂ ಒಪ್ಪುವುದಿಲ್ಲ.

ದಾರಿಯಲ್ಲಿ ಕಣ್ಣಿಗಿಂತ ಮೊದಲು ಕಿವಿ ತೆರೆಯಿರಿ. ಟೊಕ್, ಟೊಕ್, ಟೊಕ್ ಅಂತ ಯಾರೋ ತಾಮ್ರದ ಪಾತ್ರೆ ಬಡಿಯುವ ಸದ್ದು ಕೇಳಿದರೆ ಅದು ಕುಟ್ರ ಹಕ್ಕಿಯ ಜಾತಿಯದು. ಮರಾಠಿಯವರು ಸರಿಯಾಗಿಯೇ ತಾಂಬಟ್ ಅಂತ ಕರೆಯುತ್ತಾರೆ. ಕೋಗಿಲೆಯಂತೂ ಫೆಬ್ರವರಿಯಿಂದಲೇ ಶುರು. ನಮ್ಮ ಕವಿಗಳಲ್ಲಿ ಅನೇಕರು ಕೋಗಿಲೆಯನ್ನು ಹೆಣ್ಣು ಮಾಡಿ ಹಾಡಿಸಿದ್ದಾರೆ. ಸ್ವರ ಏರಿಸುತ್ತ ‘ಕುಹೂ’ ಎನ್ನುವುದು ಮೈಯೆಲ್ಲ ಕಪ್ಪಗಿರುವ, ಕೆಂಪು ಕಣ್ಣಿನ ಗಂಡು. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕಿ. ಅದರ ಕೂಗು ಕರ್ಕಶ. ಅದು ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಮುಂಬಯಿಯಲ್ಲಿ ಕಾಗೆಗೆ ಬರವಿಲ್ಲ, ಆದ್ದರಿಂದ ಕೋಗಿಲೆಗೂ ಇಲ್ಲ. ಬಾಡಿಗೆ ಕೊಡದೆ ಇರುವ ವಿದ್ಯೆ ಈ ಊರಲ್ಲಿ ಅದೊಂದಕ್ಕೇ ಗೊತ್ತು.

ನೋಡುವ ಎಲ್ಲ ಹೂವೂ ಇಲ್ಲಿಯದಲ್ಲ. ವಿಖ್ರೋಳಿಯ ಹೆದ್ದಾರಿಯಲ್ಲಿ ಫೆಬ್ರವರಿ–ಮಾರ್ಚಿನಲ್ಲಿ ಸಾಲಾಗಿ ಅರಳುವ ಗುಲಾಬಿ ಬಣ್ಣದ ಟಬೂಬಿಯಾ ಅಮೆರಿಕಾ ಖಂಡದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಹೊರಗಿನಿಂದ ಬಂದು ಇಲ್ಲೇ ಬೇರು ಬಿಟ್ಟವು, ನಮ್ಮ ಹಾಗೆ. ಅವನ್ನೂ ಪ್ರೀತಿಯಿಂದಲೇ ನೋಡೋಣ. ಆದರೆ ಯಾವುದು ಎಲ್ಲಿಯದು ಅಂತ ತಿಳಿದು ನೋಡೋಣ.

ಕನ್ಹೇರಿಯ ಪೋಢಿ

ರಸ್ತೆ ಮುಗಿಯುವಲ್ಲಿ ಕನ್ಹೇರಿ. ಕ್ರಿಸ್ತಪೂರ್ವ 1ನೆಯ ಶತಮಾನದಿಂದ ಸುಮಾರು ಒಂದು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಬಾಳಿದ ನೂರಕ್ಕೂ ಮಿಕ್ಕಿದ ಗುಹೆಗಳು. ನಮಗೆ ಇಲ್ಲೊಂದು ಹತ್ತಿರದ ಸಂಬಂಧವಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಅಂತ ಓದಿದ್ದೇವಲ್ಲ, ಅದೇ ಅಮೋಘವರ್ಷನ ಹೆಸರು ಕನ್ಹೇರಿಯ ಕಲ್ಲಿನ ಮೇಲೂ ಇದೆ. ಕೊಂಕಣವನ್ನು ಆಳುತ್ತಿದ್ದ ಅವನ ಸಾಮಂತರು ಶಿಲಾಹಾರರು. ಆ ಕಾಲದ ದಾನಶಾಸನಗಳಲ್ಲಿ ಒಂದರ ಕಾಲ ಶಕವರ್ಷ 799, ಅಂದರೆ ಕ್ರಿ.ಶ. 877ರ ಸುಮಾರು. ಭಾಷೆ ಸಂಸ್ಕೃತ, ಅರಸ ನಮ್ಮವನು. ಪಠ್ಯದಲ್ಲಿ ಮಾತ್ರ ಕಂಡ ಹೆಸರು ಲೋಕಲ್ ಟ್ರೇನಿನ ದಾರಿಯಲ್ಲಿ ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಅದಕ್ಕಿಂತ ದೊಡ್ಡ ಆಶ್ಚರ್ಯ ಅಲ್ಲಿಯ ನೀರು. ಹೆಚ್ಚು ಕಡಿಮೆ ಪ್ರತಿ ಗುಹೆಯ ಪಕ್ಕದಲ್ಲೂ ಬಂಡೆ ಕೊರೆದು ಮಾಡಿದ ತೊಟ್ಟಿ ಇದೆ. ಬಂಡೆಯ ಮೇಲೆ ಸುರಿದ ಮಳೆನೀರು ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಅದರೊಳಗೆ ಬೀಳುತ್ತದೆ. ಪ್ರಾಕೃತ ಶಾಸನಗಳಲ್ಲಿ ಇದಕ್ಕೆ ‘ಪೋಢಿ’ ಎಂದು ಹೆಸರು. ಗುಹೆ ಕೊರೆಸಿದ ದಾನಿಗಳು ಪೋಢಿಯನ್ನೂ ಕೊರೆಸಿ ಅದನ್ನೂ ಪುಣ್ಯದ ಲೆಕ್ಕಕ್ಕೆ ಬರೆಸಿದರು. ಎರಡು ಸಾವಿರ ವರ್ಷದ ಕೆಳಗೆ ಈ ಗುಡ್ಡದಲ್ಲಿ ಮನೆ ಅಂದರೆ ಸೂರು ಮತ್ತು ಒಂದು ತೊಟ್ಟಿ ನೀರು. ಅಲ್ಲಿ ನಿಂತಾಗಲೇ ನನಗೆ ಅನ್ನಿಸಿದ್ದು: ನಮ್ಮ ಮನೆಗೆ ಸೂರಿದೆ, ಪೋಢಿ ಇಲ್ಲ.

ಹೆಸರುಳಿದ ಕೆರೆಗಳು

ಮನೆಗೇನು, ಊರಿಗೇ ಇಲ್ಲವಾಗಿದೆ. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ.ಪಿ. ಟ್ಯಾಂಕ್, ದೋ ಟಾಂಕಿ ಎಂದು ಬಸ್ಸಿನ ಕಂಡಕ್ಟರು ಕೂಗುತ್ತ ಹೋದ ಹೆಸರುಗಳೆಲ್ಲ ಕೆರೆಗಳವೇ. ಇಳಿದು ನೋಡಿದರೆ ಒಂದು ಹನಿ ನೀರಿಲ್ಲ. 1942ರ ಆಗಸ್ಟ್ 8ರಂದು ‘ಕ್ವಿಟ್ ಇಂಡಿಯಾ’ ಗೊತ್ತುವಳಿ ಆದ ಗೋವಾಲಿಯಾ ಟ್ಯಾಂಕ್ ಅಷ್ಟರೊಳಗೆ ಮೈದಾನವಾಗಿ ಹೋಗಿತ್ತು.

ಕೆರೆಗಳನ್ನು ಮುಚ್ಚಿದ್ದು ಬರಿಯ ದುರಾಸೆಯಿಂದ ಅಂದರೆ ಅನ್ಯಾಯವಾದೀತು. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆಗಳು ಸಿದ್ಧವಾಗಿ ನಲ್ಲಿ ನೀರು ಬಂದ ಮೇಲೆ ಊರೊಳಗಿನ ಕೆರೆಬಾವಿಗಳನ್ನು ಕೇಳುವವರಿಲ್ಲದಾಯಿತು. ಅತ್ತ ಮಲೇರಿಯಾ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂಬುದರ ಸುಳಿವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. 1911ರಲ್ಲಿ ಬೆಂಟ್ಲಿ ಎಂಬ ವೈದ್ಯಾಧಿಕಾರಿ ಮುಂಬಯಿಯ ಮಲೇರಿಯಾದ ಬಗ್ಗೆ ವರದಿ ಬರೆದು, ಮನೆಮನೆಯ ಬಾವಿಯ ಸೊಳ್ಳೆಯತ್ತ ಬೆಟ್ಟು ಮಾಡಿದ. ಆಮೇಲೆ ಬಾವಿಗಳನ್ನು ಮುಚ್ಚಿಸುವ ಕೆಲಸ ಜೋರಾಯಿತು. ಜೀವ ಉಳಿಯಿತು, ನೀರು ಹೋಯಿತು.

ಉಳಿದದ್ದು ಕೆಲವು. ವಾಲ್ಕೇಶ್ವರದ ಬಾಣಗಂಗಾ ಇದೆ. 1715ರಲ್ಲಿ ಸಾರಸ್ವತ ವರ್ತಕ ರಾಮ ಕಾಮತ್ ಅದರ ಜೀರ್ಣೋದ್ಧಾರ ಮಾಡಿಸಿದ. ಕಡಲಿನ ಮಗ್ಗುಲಲ್ಲೇ ಇದ್ದರೂ ಒಸರಿನ ಸಿಹಿನೀರು.

ಜಲಕ್ರೀಡೆ

ಈಗ ನನ್ನ ತೊಟ್ಟಿಯ ಕಥೆ. ಮೊದಲ ಪ್ರಯತ್ನದಲ್ಲಿ ನಗೆಪಾಟಲಾದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ನೈದಿಲೆಯ ಗೆಡ್ಡೆ ನೆಟ್ಟು, ಕಟ್ಟಡದ ಹಿಂಬದಿಯಲ್ಲಿಟ್ಟು, ಕವಿಯ ಹಾಗೆ ಕಾದೆ. ಎಂಟನೆಯ ದಿನ ನೀರಿನ ತುಂಬ ಸೊಳ್ಳೆಮರಿ. ಹತ್ತನೆಯ ದಿನ ಸೊಸೈಟಿಯ ಸೆಕ್ರೆಟರಿ ಕಾಕಾ ಬಾಗಿಲು ಬಡಿದರು: “ಹೇ ಪಾಣೀ ಆಧೀ ಕಾಢಾ!” ಮೊದಲು ಈ ನೀರು ತೆಗೆಯಿರಿ ಎಂದರ್ಥ. ಅವರದು ತಪ್ಪೇ? ಅಲ್ಲ. ಈ ಸೆಕೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಡೆಂಗ್ಯೂ ಸೊಳ್ಳೆಗಂತೂ ಮನೆಯ ಶುದ್ಧ ನೀರೇ ಇಷ್ಟ. ಸೊಳ್ಳೆ ಬೆಳೆಸಿದವರಿಗೆ ಮಹಾನಗರಪಾಲಿಕೆ ನೋಟಿಸು ಕೊಡುತ್ತದೆ, ದಂಡವೂ ಇದೆ. ನೀರು ಚೆಲ್ಲಿದೆ, ಕ್ಷಮೆ ಕೇಳಿದೆ. ಆಮೇಲೆ ಕಲಿತದ್ದು ಇಷ್ಟು:

ಪಾತ್ರೆ: ಎರಡಡಿ ಅಗಲ, ಒಂದೂವರೆ ಅಡಿ ಆಳ ಇದ್ದರೆ ಒಳ್ಳೆಯದು, ಅರ್ಧಕ್ಕೆ ಕೊಯ್ದ ಹಳೆಯ ಡ್ರಮ್ ಸಾಕು. ತೀರ ಸಣ್ಣ ಪಾತ್ರೆಯ ನೀರು ಏಪ್ರಿಲಿನಲ್ಲಿ ಬೇಗ ಕಾಯುತ್ತದೆ. ಹೇಳಿದ ಅಳತೆಯ ಡ್ರಮ್ಮಿಗೆ ಸುಮಾರು 120 ಲೀಟರ್ ಹಿಡಿಯುತ್ತದೆ. ಮಣ್ಣು ಸೇರಿದರೆ ಭಾರ 150 ಕಿಲೋ ಆದೀತು! ಚಾಳಿನ ಹಳೆಯ ಗ್ಯಾಲರಿಯಲ್ಲಿ ಇಡಲೇಬೇಡಿ. ನೆಲದ ಮೇಲೆ, ಸೊಸೈಟಿಯ ಒಪ್ಪಿಗೆ ಪಡೆದು ಇಡಿ. ಚಿಕ್ಕ ಮಕ್ಕಳಿರುವಲ್ಲಿ ಮೇಲೊಂದು ಗಟ್ಟಿ ಜಾಳಿಗೆ ಬೇಕೇ ಬೇಕು.

ನೀರು: ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಮೀನಿಗೆ ಅದು ವಿಷ. ಎರಡು ದಿನ ತೆರೆದಿಟ್ಟು ಆಮೇಲೆ ಮೀನು ಬಿಡಬೇಕು. ಮೊದಲ ಕೆಲವು ವಾರ ನೀರು ಹಸಿರಾಗುತ್ತದೆ; ಗಾಬರಿಯಾಗಿ ಎಲ್ಲ ಚೆಲ್ಲಬೇಡಿ. ಬಿಸಿಲು ಮತ್ತು ಮಣ್ಣಿನ ಸಾರ ಸಿಕ್ಕಿ ಪಾಚಿ ಬೆಳೆದದ್ದು ಅದು. ನೈದಿಲೆಯ ಎಲೆ ಹರಡಿ ಅರ್ಧ ನೀರಿಗೆ ನೆರಳಾದ ಮೇಲೆ ತಾನೇ ತಿಳಿಯಾಗುತ್ತದೆ. ಬೇಸಗೆಯಲ್ಲಿ ದಿನಕ್ಕೆ ಒಂದೆರಡು ಚೊಂಬು ಆವಿಯಾಗುವುದನ್ನು ತುಂಬುತ್ತಿದ್ದರೆ ಸಾಕು.

ಗಿಡ: ಐದಾರು ಗಂಟೆ ಬಿಸಿಲು ಬೀಳುವಲ್ಲಿ ನೈದಿಲೆ. ಗೊಬ್ಬರವಿಲ್ಲದ ಜಿಗುಟು ಮಣ್ಣು, ಮೇಲೆ ಒಂದು ಪದರ ಮರಳು. ಅಷ್ಟು ಬಿಸಿಲಿಲ್ಲದಿದ್ದರೆ ತೊಟ್ಟಿಯ ಪಕ್ಕದ ಕುಂಡದ ಒದ್ದೆ ಮಣ್ಣಿನಲ್ಲಿ ಒಂದೆಲಗ ಹಾಕಿ. ನೋಡಲೂ ಚೆಂದ, ತಂಬುಳಿಗೂ ಆಯಿತು. ನೀಲಿ ಹೂವಿನ ಜಲಕುಂಭಿ ಮಾತ್ರ ಬೇಡ. ದಕ್ಷಿಣ ಅಮೆರಿಕಾದ ಈ ಗಿಡ ಪವಾಯಿ ಕೆರೆಯನ್ನು ಹೇಗೆ ಕವಿಯುತ್ತದೆ ಎಂಬುದನ್ನು ಬಸ್ಸಿನಿಂದಲೇ ಕಾಣಬಹುದು.

ಮೀನು: ಐದಾರು ಗಪ್ಪಿ. ಸೊಳ್ಳೆಮರಿ ಅವಕ್ಕೆ ಹಬ್ಬದೂಟ; ಪಾಲಿಕೆಯವರೂ ಸೊಳ್ಳೆ ನಿಯಂತ್ರಣಕ್ಕೆ ಅವನ್ನೇ ಬಳಸುತ್ತಾರೆ. ಹೆಚ್ಚಾದ ಮರಿಗಳನ್ನು ಗೆಳೆಯರಿಗೆ ಕೊಡಿ, ಕೆರೆಗೋ ಕಾಡಿನ ಹಳ್ಳಕ್ಕೋ ಬಿಡಬೇಡಿ. ಅವು ಪರದೇಶದವು, ಅಲ್ಲಿಯ ಸ್ಥಳೀಯ ಮೀನುಗಳ ಅನ್ನ ಕಸಿಯುತ್ತವೆ. ತಿಂಡಿ ಹಾಕುವುದರಲ್ಲಿ ಜಿಪುಣತನವೇ ಧರ್ಮ. ಪಿತೃಪಕ್ಷದ ನಂತರ ಬಾಣಗಂಗೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಎಷ್ಟೋ ಸಲ ಬಂದಿದೆ. ನೀರಿಗೆ ಹಾಕಿದ ಅನ್ನ, ಹಿಟ್ಟು ಕೊಳೆಯುವಾಗ ಮೀನು ಉಸಿರಾಡುವ ಆಮ್ಲಜನಕ ತೀರಿಹೋಗುತ್ತದೆ. ತೊಟ್ಟಿಯಲ್ಲಿ ಇದು ಒಂದೇ ರಾತ್ರಿಯಲ್ಲಿ ಆಗಬಹುದು.

ಈ ಫೆಬ್ರವರಿಯಲ್ಲಿ ನನ್ನ ತೊಟ್ಟಿಗೆ ಒಂದು ಕೊಡತಿ ಕೀಟ, ಅಂದರೆ ಏರೋಪ್ಲೇನ್ ಚಿಟ್ಟೆ ಬಂತು. ಅದರ ಮರಿ ನೀರೊಳಗೇ ಬೆಳೆದು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ. ಪಿಕಳಾರ ಅಂಚಿನಲ್ಲಿ ಕುಳಿತು ನೀರು ಕುಡಿಯಿತು. ಮಾರ್ಚ್ ಮೊದಲ ವಾರ ಮೊಗ್ಗು ಎದ್ದಿತು. ಆಗ ತರಗತಿಯ ಇನ್ನೊಂದು ತೊಡಕೂ ಬಿಡಿಸಿತು. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಅದರ ಮೇಲೆ ನೀರು ಮುತ್ತಾಗಿ ಉರುಳುತ್ತದೆ. ನೈದಿಲೆಯ ಎಲೆ ತೇಲುತ್ತದೆ, ಒಂದು ಕಡೆ ಸೀಳಿರುತ್ತದೆ. ನೀಲಿ ನೈದಿಲೆ ಹಗಲಿನ ಹೂ. ಬಿಳಿ ನೈದಿಲೆ, ಅಂದರೆ ಕುಮುದ, ರಾತ್ರಿ ಅರಳಿ ಬಿಸಿಲೇರಿದಾಗ ಮುಚ್ಚುತ್ತದೆ. ಚಂದ್ರನಿಗೆ ಕುಮುದ, ಸೂರ್ಯನಿಗೆ ಕಮಲ ಎಂಬ ಕವಿಸಮಯ ಬರಿಯ ಅಲಂಕಾರವಲ್ಲ, ಯಾರೋ ಕೊಳದ ಬಳಿ ಕುಳಿತು ಕಂಡದ್ದು. ಈಗ ಸೆಕ್ರೆಟರಿ ಕಾಕಾ ಕೂಡ ಬೆಳಿಗ್ಗೆ ಹಾಲಿಗೆ ಹೋಗುವಾಗ ಒಂದು ನಿಮಿಷ ನಿಂತು ಹೋಗುತ್ತಾರೆ.

ಪದ ಉಳಿಯಬೇಕಾದರೆ

ಕೊನೆಗೊಂದು ಮಾತು. ಮೊನ್ನೆ ಸ್ಟೇಷನ್ ರಸ್ತೆಯಲ್ಲಿ ಉದುರಿ ಬಿದ್ದಿದ್ದ ಕೆಂಪು ಹೂವೊಂದನ್ನು ಮನೆಗೆ ತಂದೆ. “ಅಮ್ಮ, ಇದು ಪಾಂಗಾರಾ” ಅಂದೆ ಮರಾಠಿಯಲ್ಲಿ. ಅಮ್ಮ ಕೈಗೆ ತೆಗೆದುಕೊಂಡು, “ಇದು ನಮ್ಮ ಪೊಂಗಾರೆ ಅಲ್ವಾ ಮಾರಾಯ! ಅಜ್ಜನ ತೋಟದಲ್ಲಿ ವೀಳ್ಯದ ಬಳ್ಳಿ ಹಬ್ಬಿಸ್ಲಿಕ್ಕೆ ಇದನ್ನೇ ನೆಡ್ತಿದ್ದದ್ದು” ಅಂದಳು. ಆಮೇಲೆ ಅರ್ಧ ಗಂಟೆ ಆ ತೋಟದ ಕಥೆ. ಮುಂಬಯಿಗೆ ಬಂದು ಮೂವತ್ತು ವರ್ಷದಲ್ಲಿ ಆ ಪದವನ್ನು ಆಕೆ ಒಮ್ಮೆಯೂ ಆಡಿರಲಿಲ್ಲ. ಆಡಲು ಕಾರಣವೇ ಬಂದಿರಲಿಲ್ಲ. ಮರವೋ, ದಿನಾ ನಾವು ಹಾಲು ತರುವ ದಾರಿಯಲ್ಲೇ ಇತ್ತು.

ಕನ್ನಡ ಉಳಿಸಬೇಕು ಅಂತ ನಾವು ಸಂಘದ ಸಭೆಗಳಲ್ಲಿ ಹೇಳುತ್ತಿರುತ್ತೇವೆ. ಭಾಷಣದಿಂದ ‘ಪೊಂಗಾರೆ’ ಉಳಿಯುವುದಿಲ್ಲ. ಹೂ ಕೈಗೆ ಬಂದರೆ ಪದ ಬಾಯಿಗೆ ಬರುತ್ತದೆ. ಆದ್ದರಿಂದ ಒಂದು ಇನ್ನೂರು ಪುಟದ ನೋಟುಬುಕ್ಕು ಇಟ್ಟಿದ್ದೇನೆ: ತಾರೀಖು, ಜಾಗ, ಮರದ ಹೆಸರು ಮರಾಠಿಯಲ್ಲಿ, ಎದುರಿಗೆ ಕನ್ನಡದಲ್ಲಿ, ತುಳು ಕೊಂಕಣಿಯಲ್ಲಿ ಗೊತ್ತಿದ್ದರೆ ಅದೂ. ಸಾವರ–ಬೂರುಗ, ಪಳಸ–ಮುತ್ತುಗ, ಕರಂಜ–ಹೊಂಗೆ, ಬಹಾವಾ–ಕಕ್ಕೆ, ಪಿಂಪಳ–ಅರಳಿ. ಇಪ್ಪತ್ತಮೂರು ಹೆಸರಾಗಿವೆ. ಎಡಗಡೆ ಬರೆದು ಬಲಗಡೆ ಖಾಲಿ ಬಿಟ್ಟವು ಒಂಬತ್ತಿವೆ. ನಿಮ್ಮ ಮನೆಯ ಅಜ್ಜಿ, ದೊಡ್ಡಮ್ಮ, ಊರಿನಿಂದ ಬಂದ ಮಾವ, ಇವರಲ್ಲಿ ಯಾರಿಗಾದರೂ ಗೊತ್ತಿರಬಹುದು.

ನೋಟುಬುಕ್ಕು ಸಂಘದ ಕಪಾಟಿನಲ್ಲಿದೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬೊರಿವಲಿ ಸ್ಟೇಷನಿನ ಪೂರ್ವಕ್ಕೆ ಬನ್ನಿ. ನೀರಿನ ಬಾಟಲಿ ತನ್ನಿ. ಮುತ್ತುಗ ಯಾವುದು ಅಂತ ಕೇಳಿದ ಹುಡುಗಿಯೂ ಬರುತ್ತಾಳೆ. ಈ ಸಲ ತೋರಿಸುವವಳು ಅವಳೇ.